ಮೂರನೇ ಪುಟದಲ್ಲಿ ಶುರುವಾಗುವ ಪ್ರಬಂಧ

ಪ್ರಶ್ನೆ: ಹತ್ತನೇ ತರಗತಿವರೆಗೂ ನಾನು ಕನ್ನಡ ಮಾಧ್ಯಮದಲ್ಲಿ ಓದಿದವಳು. ಈಗ ಎಂ.ಎ. ಇಂಗ್ಲಿಷ್ ಮೊದಲ ವರ್ಷ. ಗ್ರಾಮರ್ ತಪ್ಪುಗಳು ಕಡಿಮೆಯಾಗಿವೆ. ಆದರೂ ಪ್ರತಿ ಅಸೈನ್‌ಮೆಂಟ್ ಮೇಲೆ ‘ಸ್ಟ್ರಕ್ಚರ್ ಇಲ್ಲ’ ಅಂತ ಕೆಂಪು ಇಂಕಿನಲ್ಲಿ ಬರೆದು ಕೊಡುತ್ತಾರೆ. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಮೂರೂ ಇರುತ್ತವೆ. ಇನ್ನೇನು ಬೇಕು? ಪ್ರಾಥಮಿಕ ಶಾಲೆಯ ಕಲಿಕೆಯ ಮಾಧ್ಯಮದ ಬಗ್ಗೆ ಬರೆದ ಐದು ಪುಟದ ಪ್ರಬಂಧ ಜೊತೆಗಿಟ್ಟಿದ್ದೇನೆ.
– ಹೆಸರು ಬೇಡ, ಹಾವೇರಿ

ಉತ್ತರ: ನಿಮ್ಮ ಪ್ರಬಂಧವನ್ನು ಎರಡು ಸಲ ಓದಿದೆ. ಇಂಗ್ಲಿಷ್ ಚೆನ್ನಾಗಿಯೇ ಇದೆ. ಮೊದಲ ವಾಕ್ಯದ ಅರ್ಥ ಇಷ್ಟು: ‘ಇಂದಿನ ಜಗತ್ತಿನಲ್ಲಿ ಶಿಕ್ಷಣಕ್ಕೆ ಬಹಳ ಮಹತ್ವವಿದೆ.’ ಇದನ್ನು ಯಾರಾದರೂ ಇಲ್ಲ ಅಂತಾರಾ? ಎಲ್ಲರೂ ಒಪ್ಪುವ ಮಾತಿಗೆ ಐದು ಪುಟದ ಸಮರ್ಥನೆ ಬೇಕಿಲ್ಲ, ಅಲ್ವಾ?

ಶಾಲೆಯಲ್ಲಿ ನಾವು ಬರೆದ ಪ್ರಬಂಧಕ್ಕೆ ವಿಷಯ ಇದ್ದರೆ ಸಾಕಿತ್ತು. ‘ಗ್ರಂಥಾಲಯದ ಮಹತ್ವ’ ಅಂತ ಕೊಟ್ಟರೆ ಗೊತ್ತಿದ್ದದ್ದನ್ನೆಲ್ಲ ಬರೆದು, ಕೊನೆಗೊಂದು ಗಾದೆ ಹಾಕಿದರೆ ಮುಗಿಯಿತು. ಎಂ.ಎ. ಪ್ರಬಂಧಕ್ಕೆ ವಾದ ಬೇಕು. ನಿಮ್ಮ ಮೇಷ್ಟ್ರು ಥೀಸಿಸ್ ಸ್ಟೇಟ್‌ಮೆಂಟ್ ಅನ್ನುವುದು ಇದನ್ನೇ. ಓದಿದವರು ‘ನಾನು ಒಪ್ಪಲ್ಲ’ ಅನ್ನೋಕೆ ಜಾಗ ಇರುವಂಥ ಒಂದು ವಾಕ್ಯ.

ಅದು ನಿಮ್ಮ ಹತ್ತಿರ ಇದೆ. ಮೂರನೇ ಪುಟದಲ್ಲಿ ಅಡಗಿ ಕೂತಿದೆ. ಅಲ್ಲಿ ನೀವು ಸುಪ್ರೀಂ ಕೋರ್ಟಿನ 2014ರ ಮೇ 6ರ ತೀರ್ಪಿನ ಬಗ್ಗೆ ಬರೆದಿದ್ದೀರಿ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲೇ ಕಲಿಸಬೇಕು ಅಂತ ಸರ್ಕಾರ ಒತ್ತಾಯ ಮಾಡುವಂತಿಲ್ಲ, ಮಾಧ್ಯಮದ ಆಯ್ಕೆ ಮಗುವಿನದು, ಮಗುವಿನ ಪರವಾಗಿ ಪೋಷಕರದು ಅಂದ ತೀರ್ಪು ಅದು. ಅದರ ಕೆಳಗೇ ಬರೆದಿದ್ದೀರಿ: ‘ನಮ್ಮೂರಲ್ಲಿ ಇರುವುದೇ ಒಂದು ಶಾಲೆ, ಆಯ್ಕೆ ಎಲ್ಲಿಂದ ಬರಬೇಕು?’ ಇಡೀ ಪ್ರಬಂಧದಲ್ಲಿ ಜೀವ ಇರುವ ಸಾಲು ಅದೊಂದೇ. ಅದನ್ನು ಮೇಲಕ್ಕೆ ತನ್ನಿ. ‘ಆಯ್ಕೆಯನ್ನು ಕೋರ್ಟು ಪೋಷಕರಿಗೆ ಕೊಟ್ಟರೂ, ಒಂದೇ ಶಾಲೆ ಇರುವ ಊರಲ್ಲಿ ಅದು ಬರೀ ಕಾಗದದ ಮೇಲಿನ ಆಯ್ಕೆ.’ ಪೀಠಿಕೆಯ ಕೊನೆಯ ವಾಕ್ಯ ಇದಾಗಲಿ.

ಈಗ ಸ್ಟ್ರಕ್ಚರ್ ತಾನಾಗಿ ಬರುತ್ತದೆ ನೋಡಿ. ಕೋರ್ಟು ಹೇಳಿದ್ದು ಏನು? ಒಬ್ಬ ಅಪ್ಪ-ಅಮ್ಮ ನಿಜಕ್ಕೂ ಆಯ್ಕೆ ಮಾಡಬೇಕಾದರೆ ಏನೇನು ಬೇಕು: ಇನ್ನೊಂದು ಶಾಲೆ, ಅದರ ಫೀಸು, ದಿನಾ ಹೋಗಿಬರೋಕೆ ಬಸ್ಸು. ಒಂದೊಂದಕ್ಕೂ ಒಂದೊಂದು ಪ್ಯಾರಾ. ಆಮೇಲೆ ನಿಮ್ಮನ್ನು ಒಪ್ಪದವರಿಗೂ ಒಂದು ಪ್ಯಾರಾ ಕೊಡಿ. ‘2019ರಲ್ಲಿ ಸುಮಾರು 1,000 ಸರ್ಕಾರಿ ಶಾಲೆಗಳಲ್ಲೇ ಇಂಗ್ಲಿಷ್ ಮಾಧ್ಯಮದ ತರಗತಿ ಶುರುವಾಯಿತಲ್ಲ, ಆಯ್ಕೆ ಮನೆ ಬಾಗಿಲಿಗೇ ಬಂತಲ್ಲ’ ಅಂತ ಅವರು ಕೇಳಬಹುದು. ಗಟ್ಟಿ ಪ್ರಶ್ನೆಯೇ. ಅದನ್ನು ಪೂರ್ತಿ ಕೇಳಿಸಿಕೊಂಡು ಉತ್ತರ ಕೊಡಿ. ಮಾರ್ಕ್ಸು ಜಾಸ್ತಿ ಬರುವುದು ಇಲ್ಲೇ.

ವಾದ ಮೂರನೇ ಪುಟಕ್ಕೆ ಹೋಗಿದ್ದು ಯಾಕೆ? ನಾವು ಮಾತಾಡುವ ರೀತಿಯೇ ಹಾಗೆ. ಮೇಷ್ಟ್ರಿಗೆ ಫೋನ್ ಮಾಡಿದರೆ ಹೀಗೆ ಹೇಳುತ್ತೇವೆ: ‘ಸರ್, ರಾತ್ರಿ ಜೋರು ಮಳೆ, ಹಳ್ಳ ತುಂಬಿದೆ, ಬಸ್ಸು ಬಂದಿಲ್ಲ, ಅದಕ್ಕೇ ಕ್ಲಾಸಿಗೆ ಬರೋಕಾಗಲ್ಲ.’ ಕಾರಣ ಮೊದಲು, ವಿಷಯ ಕೊನೆಗೆ. ಹಿರಿಯರ ಜೊತೆ ಹೀಗೆ ಮಾತಾಡುವುದು ಮರ್ಯಾದೆ ಕೂಡ. ಇಂಗ್ಲಿಷ್ ಪ್ಯಾರಾ ಇದನ್ನು ತಲೆಕೆಳಗು ಮಾಡುತ್ತದೆ. ‘ಬರೋಕಾಗಲ್ಲ’ ಅನ್ನುವುದು ಮೊದಲ ವಾಕ್ಯ. ಮಳೆ, ಹಳ್ಳ, ಬಸ್ಸು ಆಮೇಲೆ. ಅಮೆರಿಕದ ಭಾಷಾವಿಜ್ಞಾನಿ ರಾಬರ್ಟ್ ಕ್ಯಾಪ್ಲನ್ 1966ರಲ್ಲಿ ಇಂಥದ್ದಕ್ಕೆ ಚಿತ್ರವನ್ನೇ ಬರೆದರು: ಇಂಗ್ಲಿಷಿಗೆ ನೇರ ಗೆರೆ, ಪೂರ್ವದ ಭಾಷೆಗಳಿಗೆ ಸುರುಳಿ. ಆಮೇಲೆ ಅದಕ್ಕೆ ಸಾಕಷ್ಟು ಟೀಕೆ ಬಂತು. ನಾನೂ ಒಪ್ಪಲ್ಲ. ಮೇಲಿನ ಫೋನ್ ಮಾತಿನಲ್ಲಿ ಸುರುಳಿ ಎಲ್ಲಿದೆ? ನೇರವಾಗಿಯೇ ಹೋಗುತ್ತದೆ, ಹೇಳಬೇಕಾದ್ದು ಕೊನೆಯ ಸ್ಟಾಪಿನಲ್ಲಿ ಇಳಿಯುತ್ತದೆ, ಅಷ್ಟೇ.

ನಾನು ವಿದ್ಯಾರ್ಥಿಯಾಗಿದ್ದಾಗ ನಮ್ಮ ಮೇಡಂ ಒಬ್ಬರು ನನ್ನ ಪ್ರಬಂಧದ ಮೂರನೇ ಪುಟದಲ್ಲಿ ಅಡ್ಡಗೆರೆ ಎಳೆದು, ‘ಇಲ್ಲಿಂದ ಶುರು ಮಾಡಬಹುದಿತ್ತು’ ಅಂತ ಬರೆದಿದ್ದರು. ವಾರಗಟ್ಟಲೆ ಸಿಟ್ಟಿತ್ತು. ಈಗ ಅದೇ ಗೆರೆಯನ್ನು ನಾನು ಎಳೆಯುತ್ತಿದ್ದೇನೆ, ಬೇಜಾರು ಮಾಡ್ಕೋಬೇಡಿ.

ಹೊಸ ಪ್ರಬಂಧ ಬೇಡ, ಇದನ್ನೇ ತಿದ್ದಿ. ಪೆನ್ಸಿಲ್ ತೆಗೆದುಕೊಂಡು ಪ್ರತಿ ಪ್ಯಾರಾದ ಪಕ್ಕ, ಮಾರ್ಜಿನ್‌ನಲ್ಲಿ, ಅದು ಹೇಳುವುದೇನು ಅಂತ ಕನ್ನಡದಲ್ಲಿ ಒಂದು ಸಾಲು ಬರೆಯಿರಿ. ಹೌದು, ಕನ್ನಡದಲ್ಲೇ. ಆಗ ಇಂಗ್ಲಿಷ್ ಪದಗಳ ಹಿಂದೆ ಬಚ್ಚಿಟ್ಟುಕೊಳ್ಳೋಕಾಗಲ್ಲ. ಸಾಲು ಬರೆಯಲು ಆಗದಿದ್ದರೆ ಆ ಪ್ಯಾರಾಕ್ಕೆ ಕೆಲಸವಿಲ್ಲ. ಎರಡು ಸಾಲು ಬಂದರೆ ಅಲ್ಲಿ ಎರಡು ಪ್ಯಾರಾ ಇವೆ. ನಿಮ್ಮ ನಾಲ್ಕನೇ ಪುಟಕ್ಕೆ ನಾನು ಹೀಗೆ ಮಾಡಿದೆ: ‘ಇಂಗ್ಲಿಷ್ ಬೇಕು’, ‘ಕನ್ನಡವೂ ಬೇಕು’, ಮತ್ತೆ ‘ಇಂಗ್ಲಿಷ್ ಬೇಕು’. ಮೂರನೆಯದನ್ನು ಹೊಡೆದು ಹಾಕಿ.

ಮೊರೋವರ್, ಫರ್ದರ್‌ಮೋರ್ ಅಂತ ಕರಿಬೇವಿನ ಹಾಗೆ ಉದುರಿಸಿದ್ದೀರಲ್ಲ, ಅವನ್ನೂ ಒಮ್ಮೆ ತೆಗೆದು ಓದಿ. ಸಂಬಂಧ ಉಳಿದರೆ ಪದ ಬೇಕಿರಲಿಲ್ಲ. ಸಂಬಂಧ ಕಡಿದುಹೋದರೆ ಅದು ಮೊದಲೂ ಇರಲಿಲ್ಲ. ಹಾಗೇ ನಮ್ಮ ‘ಹೋಗಿ, ನೋಡಿ, ಕೇಳಿ, ಬಂದು’ ಇಂಗ್ಲಿಷಿಗೆ ಹೋದಾಗ ಆ್ಯಂಡ್‌ಗಳ ಸರಪಳಿಯಾಗುತ್ತದೆ. ನಿಮ್ಮ ಒಂದು ವಾಕ್ಯದಲ್ಲಿ ಆರು ಎಣಿಸಿದೆ. ಎರಡನೆಯದರ ಹತ್ತಿರ ಫುಲ್‌ಸ್ಟಾಪ್ ಇಡಿ.

ಪ್ರಶ್ನೆ: ನರ್ಸಿಂಗ್ ಮುಗಿಸಿ, ಇಂಗ್ಲಿಷ್ ಸಾಮರ್ಥ್ಯದ ಪರೀಕ್ಷೆಯಾದ ಐಇಎಲ್‌ಟಿಎಸ್‌ಗೆ ತಯಾರಾಗುತ್ತಿದ್ದೇನೆ. ಕೋಚಿಂಗ್‌ನಲ್ಲಿ ಒಂದು ರೆಡಿಮೇಡ್ ಪೀಠಿಕೆ ಬಾಯಿಪಾಠ ಮಾಡಿಸಿದ್ದಾರೆ. ಸಾಕಾ?
– ಓದುಗರು, ಮಂಗಳೂರು

ಉತ್ತರ: ಸಾಲದು. ರೈಟಿಂಗ್ ಟಾಸ್ಕ್ 2ರಲ್ಲಿ, ಅಂದರೆ ಪ್ರಬಂಧದ ಪ್ರಶ್ನೆಯಲ್ಲಿ, ಕನಿಷ್ಠ 250 ಪದ ಬರೆಯಬೇಕು. ಅದಕ್ಕೆ ಸುಮಾರು 40 ನಿಮಿಷ ಇಟ್ಟುಕೊಳ್ಳಿ ಅನ್ನುತ್ತಾರೆ. ಟಾಸ್ಕ್ 1ಕ್ಕಿಂತ ಇದಕ್ಕೆ ಎರಡು ಪಟ್ಟು ತೂಕ. ನೋಡುವುದು ನಾಲ್ಕು ಸಂಗತಿ: ಕೇಳಿದ ಪ್ರಶ್ನೆಗೆ ಉತ್ತರ ಇದೆಯಾ, ಮಾತು ಒಂದಕ್ಕೊಂದು ಕೂಡಿಕೊಂಡಿದೆಯಾ, ಪದಗಳು, ಗ್ರಾಮರ್. ನಾಲ್ಕಕ್ಕೂ ಸಮ ಅಂಕ. ಬಾಯಿಪಾಠದ ಪೀಠಿಕೆ ಯಾವ ಪ್ರಶ್ನೆಗೂ ಉತ್ತರವಲ್ಲ, ಹಾಗಾಗಿ ಮೊದಲನೆಯದರಲ್ಲೇ ಮುಗ್ಗರಿಸುತ್ತದೆ. ಅದರ ಬದಲು ಮೊದಲ ಐದು ನಿಮಿಷ ಏನೂ ಬರೆಯಬೇಡಿ. ಪ್ರಶ್ನೆ ಓದಿ, ‘ನಾನು ಒಪ್ತೀನಾ? ಯಾಕೆ?’ ಅಂತ ಎರಡು ಕಾರಣ ಗುರುತು ಹಾಕಿಕೊಳ್ಳಿ. ಒಂದು ಕಾರಣಕ್ಕೆ ಒಂದು ಪ್ಯಾರಾ, ಅದಕ್ಕೊಂದು ಉದಾಹರಣೆ. ವಾರ್ಡಿನಲ್ಲಿ ಕಂಡ ಉದಾಹರಣೆಯಾದರೂ ನಡೆಯುತ್ತದೆ.