ಡೇಟಾಬೇಸ್ ಪ್ರಶ್ನೋತ್ತರ: ಪಟ್ಟಿಯಿಂದ ಮಾಯವಾದ ಸದಸ್ಯರು

ಪ್ರಶ್ನೆ: ನಮ್ಮ ಊರಿನ ಗ್ರಂಥಾಲಯದ ಲೆಕ್ಕವನ್ನು ಲಿಬ್ರೆಆಫೀಸ್ ಬೇಸ್ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿ ‘ಸದಸ್ಯರು’, ‘ಪುಸ್ತಕಗಳು’, ‘ಎರವಲು’ ಎಂಬ ಮೂರು ಟೇಬಲ್‌ಗಳಲ್ಲಿ ಇಟ್ಟಿದ್ದೇವೆ. ಪ್ರತಿ ಸದಸ್ಯರ ಹೆಸರಿನ ಮುಂದೆ ಅವರ ಬಳಿ ಈಗ ಇರುವ ಪುಸ್ತಕಗಳು ಕಾಣಬೇಕು. ಏನೂ ಇಲ್ಲದವರ ಹೆಸರೂ ಉಳಿಯಬೇಕು. ಡೇಟಾಬೇಸ್‌ನಿಂದ ಮಾಹಿತಿ ಕೇಳುವ ಭಾಷೆಯಾದ ಎಸ್‌ಕ್ಯೂಎಲ್‌ನಲ್ಲಿ ಟೇಬಲ್‌ಗಳನ್ನು ಸುಮ್ಮನೆ ಸೇರಿಸಿದಾಗ ಸಾವಿರಾರು ಸಾಲುಗಳು ಬಂದವು. ಲೆಫ್ಟ್ ಜಾಯಿನ್ (ಎಡಗಡೆಯ ಟೇಬಲ್‌ನ ಎಲ್ಲ ಸಾಲುಗಳನ್ನೂ ಉಳಿಸಿಕೊಳ್ಳುವ ಜೋಡಣೆ) ಹಾಕಿ, ಮರಳಿಸಿದ ದಿನಾಂಕ ಖಾಲಿಯಿರಬೇಕೆಂಬ ಷರತ್ತು ಕೊಟ್ಟ ಮೇಲೆ ಕೆಲವರ ಹೆಸರೇ ಇಲ್ಲ. ಟೇಬಲ್‌ಗಳ ನಡುವೆ ರಿಲೇಷನ್‌ಶಿಪ್ ಗೆರೆಗಳನ್ನು ಮೊದಲೇ ಎಳೆದಿದ್ದರೂ ಹೀಗೇಕೆ?
– ಓದುಗರೊಬ್ಬರು, ಶಿರಸಿ

ಉತ್ತರ: ನೀವು ಎಳೆದ ಗೆರೆಗಳ ಕೆಲಸ ಕಾವಲು ಕಾಯುವುದು. ಇಲ್ಲದ ಸದಸ್ಯನ ಹೆಸರಿನಲ್ಲಿ ಎರವಲು ದಾಖಲಾಗದಂತೆ ಅವು ತಡೆಯುತ್ತವೆ. ಕೈಯಿಂದ ಎಸ್‌ಕ್ಯೂಎಲ್ ಬರೆಯುವಾಗ ಯಾವ ಕಾಲಂ ಯಾವುದಕ್ಕೆ ಹೊಂದಬೇಕೆಂಬುದನ್ನು ನೀವೇ ಹೇಳಬೇಕು. 1970ರಲ್ಲಿ ಐಬಿಎಂನ ಎಡ್ಗರ್ ಕಾಡ್ ಮುಂದಿಟ್ಟ ಮಾದರಿಯಲ್ಲಿ ಎರಡು ದಾಖಲೆಗಳ ನಂಟು ಎಂದರೆ ಎರಡೂ ಕಡೆ ಇರುವ ಒಂದೇ ಮೌಲ್ಯ, ಅಷ್ಟೇ. ಅದನ್ನು ಹೇಳದಿದ್ದರೆ ಪ್ರತಿ ಸದಸ್ಯನಿಗೂ ಪ್ರತಿ ಎರವಲೂ ಜೋಡಿಯಾಗುತ್ತದೆ. 200 ಸದಸ್ಯರು, 500 ಎರವಲುಗಳಿದ್ದರೆ ಒಂದು ಲಕ್ಷ ಸಾಲು.

ಹೆಸರು ಮಾಯವಾಗುವ ಸಂಗತಿ ಇದಕ್ಕಿಂತ ಸೂಕ್ಷ್ಮವಾದದ್ದು. ಮೂವರು ಸದಸ್ಯರನ್ನು ಗಮನಿಸಿ: 11ನೆಯವರ ಬಳಿ ಈಗ ಒಂದು ಪುಸ್ತಕವಿದೆ, 12ನೆಯವರು ಈವರೆಗೆ ಏನನ್ನೂ ಒಯ್ದಿಲ್ಲ, 13ನೆಯವರು ಎರಡು ಪುಸ್ತಕ ಒಯ್ದು ಎರಡನ್ನೂ ಮರಳಿಸಿದ್ದಾರೆ. ಲೆಫ್ಟ್ ಜಾಯಿನ್ ಮುಗಿದಾಗ 12ನೆಯವರ ಸಾಲಿನಲ್ಲಿ ಎರವಲಿನ ಕಾಲಂಗಳೆಲ್ಲ ಖಾಲಿ. 13ನೆಯವರಿಗೆ ದಿನಾಂಕ ತುಂಬಿದ ಎರಡು ಸಾಲು. ನೀವು ‘ವೇರ್’ ಭಾಗದಲ್ಲಿ ಕೊಟ್ಟ ಷರತ್ತು ಜರಡಿ ಹಿಡಿಯುವುದು ಆಮೇಲೆ. ಆಗ 12ನೆಯವರು ದಿನಾಂಕ ಖಾಲಿಯಿರುವ ಕಾರಣಕ್ಕೆ ಪಾರಾಗುತ್ತಾರೆ, 13ನೆಯವರ ಎರಡೂ ಸಾಲುಗಳು ಬಿದ್ದುಹೋಗುತ್ತವೆ. ಅಂದರೆ ನಿಮ್ಮ ಪಟ್ಟಿಯಿಂದ ಹೊರಬಿದ್ದವರು ಪುಸ್ತಕಗಳನ್ನೆಲ್ಲ ತಪ್ಪದೆ ಮರಳಿಸಿದವರು! ಈ ದೋಷ ಬೇಗ ಕೈಗೆ ಸಿಗುವುದಿಲ್ಲ. ಗ್ರಂಥಾಲಯ ಹೊಸತಾಗಿದ್ದು ಯಾರೂ ಇನ್ನೂ ಪುಸ್ತಕ ಮರಳಿಸದಿದ್ದಾಗ ಇದೇ ಕ್ವೆರಿ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆ) ಸರಿಯಾದ ಪಟ್ಟಿಯನ್ನೇ ಕೊಟ್ಟಿರುತ್ತದೆ.

ಪರಿಹಾರವೆಂದರೆ ಜರಡಿಯನ್ನು ಜೋಡಣೆಗೆ ಮೊದಲೇ ಹಿಡಿಯುವುದು. ಮರಳಿಸಿದ ದಿನಾಂಕ ಖಾಲಿಯಿರುವ ಎರವಲುಗಳನ್ನಷ್ಟೇ ಆರಿಸುವ ಒಂದು ಕ್ವೆರಿ ಬರೆದು ‘ಬಾಕಿ’ ಎಂಬ ಹೆಸರಿನಲ್ಲಿ ಉಳಿಸಿ, ನಂತರ ‘ಸದಸ್ಯರು’ ಟೇಬಲ್ಲನ್ನು ಎಡಕ್ಕಿಟ್ಟು ‘ಬಾಕಿ’ಯೊಡನೆ ಸದಸ್ಯ ಸಂಖ್ಯೆಯ ಮೇಲೆ ಲೆಫ್ಟ್ ಜಾಯಿನ್ ಮಾಡಿ. ಷರತ್ತನ್ನು ‘ವೇರ್’ನಿಂದ ತೆಗೆದು, ಯಾವುದು ಯಾವುದಕ್ಕೆ ಹೊಂದಬೇಕೆಂದು ಹೇಳುವ ‘ಆನ್’ ಭಾಗಕ್ಕೆ ಸೇರಿಸಿದರೂ ಫಲ ಅದೇ. ಆದರೂ ಎರಡು ಕ್ವೆರಿಗಳ ದಾರಿಯನ್ನೇ ನಾನು ಸೂಚಿಸುತ್ತೇನೆ, ಏಕೆಂದರೆ ‘ಬಾಕಿ’ಯನ್ನು ಬೇರೆಯಾಗಿ ತೆರೆದು ಪರೀಕ್ಷಿಸಬಹುದು. ಪುಸ್ತಕದ ಹೆಸರು ಬೇಕಿದ್ದರೆ ‘ಪುಸ್ತಕಗಳು’ ಟೇಬಲ್ಲನ್ನು ‘ಬಾಕಿ’ಯ ಒಳಗೇ ಜೋಡಿಸಿ. ಹೊರಗಿನ ಕ್ವೆರಿಯಲ್ಲಿ ಇನ್ನರ್ ಜಾಯಿನ್ (ಎರಡೂ ಕಡೆ ಹೊಂದುವ ಸಾಲುಗಳನ್ನಷ್ಟೇ ಉಳಿಸುವ ಜೋಡಣೆ) ಹಾಕಿದರೆ ಪುಸ್ತಕವಿಲ್ಲದವರು ಮತ್ತೆ ಕಾಣೆಯಾಗುತ್ತಾರೆ.

ಒಮ್ಮೆಗೆ ಒಬ್ಬ ಸದಸ್ಯರನ್ನು ತೋರಿಸಿದರೆ ಸಾಕೆಂದಾದರೆ ಈ ಜಾಯಿನ್‌ಗಳ ಗೋಜೇ ಬೇಡ. ಫಾರಂ ವಿಝಾರ್ಡ್‌ನಲ್ಲಿ ‘ಸದಸ್ಯರು’ ಮುಖ್ಯ ಫಾರಂ ಆಗಿರಲಿ, ‘ಎರವಲು’ ಅದರೊಳಗಿನ ಸಬ್‌ಫಾರಂ ಆಗಿರಲಿ, ಎರಡನ್ನೂ ಸದಸ್ಯ ಸಂಖ್ಯೆ ಬೆಸೆಯಲಿ. ಸಬ್‌ಫಾರಂನಲ್ಲಿ ಹೊಸ ಎರವಲು ಬರೆದರೆ ಸದಸ್ಯ ಸಂಖ್ಯೆ ತಾನಾಗಿ ತುಂಬಿಕೊಳ್ಳುವುದು ಇದರ ಇನ್ನೊಂದು ಅನುಕೂಲ.

ಪ್ರಶ್ನೆ: ಪ್ರತಿ ಗ್ರಾಹಕರ ಆರ್ಡರ್‌ಗಳನ್ನು ಲೆಫ್ಟ್ ಜಾಯಿನ್ ಮಾಡಿ ಎಣಿಸಿದರೆ, ಒಂದೂ ಆರ್ಡರ್ ಇಲ್ಲದವರ ಮುಂದೆಯೂ 1 ಎಂದು ಬರುತ್ತದೆ. ಏಕೆ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ನೀವು ‘ಕೌಂಟ್’ ಒಳಗೆ ನಕ್ಷತ್ರ ಚಿಹ್ನೆ ಹಾಕಿರಬೇಕು. ಅದು ಸಾಲುಗಳನ್ನು ಎಣಿಸುತ್ತದೆ. ಆರ್ಡರ್ ಇಲ್ಲದ ಗ್ರಾಹಕರಿಗೂ ಒಂದು ಸಾಲು ಇದ್ದೇ ಇದೆ. ಬದಲಿಗೆ ಆರ್ಡರ್ ಟೇಬಲ್‌ನ ಸಂಖ್ಯೆಯ ಕಾಲಂ ಹೆಸರು ಕೊಡಿ. ಖಾಲಿ ಮೌಲ್ಯ ಎಣಿಕೆಗೆ ಸೇರದ ಕಾರಣ 0 ಬರುತ್ತದೆ. ಮೊತ್ತ ಕೂಡಿಸುವ ‘ಸಮ್’ ಮಾತ್ರ ಅಂಥವರಿಗೆ ಸೊನ್ನೆಯ ಬದಲು ಖಾಲಿಯನ್ನೇ ಕೊಡುತ್ತದೆ. ಅದನ್ನು ‘ಕೋಅಲೆಸ್’ ಬಳಸಿ ಸೊನ್ನೆಯಾಗಿಸಿಕೊಳ್ಳಬಹುದು.