ಮಗಳ ಕಾಲು ಬಾಗಿದೆ, ಕ್ಯಾಲ್ಸಿಯಂ ಸಿರಪ್ ಕೊಟ್ಟರೆ ಸಾಕಾ?

ಒಂದೂವರೆ ವರ್ಷದ ಮಗಳ ಕಾಲು ಹೊರಗೆ ಬಾಗಿದೆ, ಮೆಡಿಕಲ್ ಶಾಪಿನಿಂದ ಕ್ಯಾಲ್ಸಿಯಂ ಸಿರಪ್ ತಂದು ಶುರು ಮಾಡಲಾ ಅಂತ ಕೇಳಿದ್ದೀರಿ. ನೀವಾಗಿಯೇ ಶುರು ಮಾಡಬೇಡಿ. ನಾನು ಮಕ್ಕಳ ವಾರ್ಡಿನಲ್ಲಿ ನರ್ಸ್. ನಿಮ್ಮ ಆತಂಕ ಅರ್ಥವಾಗುತ್ತದೆ, ಹಾಗಾಗಿ ಬಿಡಿಸಿ ಹೇಳುತ್ತೇನೆ.

ಸುಮಾರು ಎರಡು ವರ್ಷದವರೆಗೆ ಕಾಲು ಸ್ವಲ್ಪ ಬಾಗಿರುವುದು ಸಹಜ. ಮೂರು ನಾಲ್ಕು ವರ್ಷಕ್ಕೆ ಉಲ್ಟಾ ಆಗಿ ಮಂಡಿಗಳು ಒಂದಕ್ಕೊಂದು ತಾಗುತ್ತವೆ. ಏಳರ ಹೊತ್ತಿಗೆ ತಾನಾಗಿಯೇ ನೇರವಾಗುತ್ತವೆ.

ಆದರೆ ಕಾಲೊಂದನ್ನೇ ನೋಡಬೇಡಿ, ಮಣಿಕಟ್ಟು ನೋಡಿ. ರಿಕೆಟ್ಸ್, ಅಂದರೆ ಬೆಳೆಯುವ ಮಕ್ಕಳ ಮೂಳೆ ಗಟ್ಟಿಯಾಗದೆ ಮೆತ್ತಗೆ ಉಳಿಯುವ ಕಾಯಿಲೆ, ಇದ್ದರೆ ಅಲ್ಲಿ ಮೂಳೆಯ ತುದಿ ಅಗಲವಾಗಿ, ಚರ್ಮದ ಒಳಗೆ ಬಳೆ ತೊಡಿಸಿದ ಹಾಗೆ ಉಬ್ಬಿರುತ್ತದೆ. ಎದೆಯ ಎರಡೂ ಬದಿ ಮೆಲ್ಲಗೆ ಬೆರಳಾಡಿಸಿದರೆ ಪಕ್ಕೆಲುಬಿನ ತುದಿಗಳಲ್ಲಿ ಸಾಲಾಗಿ ಗಂಟು ಸಿಗಬಹುದು. ನೆತ್ತಿ ಕೂಡುವುದು, ಹಲ್ಲು, ನಡಿಗೆ ಎಲ್ಲವೂ ತಡವಾಗಬಹುದು.

ಕ್ಯಾಲ್ಸಿಯಂ ಮಾತ್ರ ಯಾಕೆ ಸಾಲದು ಅಂದರೆ, ವಿಟಮಿನ್ ಡಿ ಇಲ್ಲದೆ ಕರುಳು ಅದನ್ನು ಸರಿಯಾಗಿ ಹೀರುವುದಿಲ್ಲ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿಯಬಾರದು ಅಂತ ದೇಹ ಮೂಳೆಯಿಂದಲೇ ತೆಗೆದುಕೊಳ್ಳುತ್ತದೆ. ಅದಕ್ಕೇ ರಕ್ತದ ಕ್ಯಾಲ್ಸಿಯಂ ನಾರ್ಮಲ್ ಅಂತ ರಿಪೋರ್ಟ್ ಬಂದರೂ ರಿಕೆಟ್ಸ್ ಇರಬಹುದು. ಡಾಕ್ಟರು ರಕ್ತದಲ್ಲಿ ವಿಟಮಿನ್ ಡಿ, ಫಾಸ್ಫರಸ್, ಆಲ್ಕಲೈನ್ ಫಾಸ್ಫಟೇಸ್ (ರಿಕೆಟ್ಸ್‌ನಲ್ಲಿ ಏರುವ ಒಂದು ಕಿಣ್ವ) ನೋಡುತ್ತಾರೆ, ಮಣಿಕಟ್ಟಿನ ಎಕ್ಸ್‌ರೇ ತೆಗೆಸುತ್ತಾರೆ. ಅಪರೂಪಕ್ಕೆ ಹುಟ್ಟಿನಿಂದಲೇ ಮೂತ್ರದಲ್ಲಿ ಫಾಸ್ಫರಸ್ ಸೋರುವ ಮಕ್ಕಳೂ ಇರುತ್ತಾರೆ. ಅವರಿಗೆ ಔಷಧಿಯೇ ಬೇರೆ.

ಎದೆಹಾಲಿನಲ್ಲಿ ವಿಟಮಿನ್ ಡಿ ತೀರಾ ಕಡಿಮೆ. ಈ ಮಾತಿಗೆ ಎಷ್ಟೋ ತಾಯಂದಿರು ನೊಂದುಕೊಳ್ಳುತ್ತಾರೆ. ದಯವಿಟ್ಟು ಬೇಡ, ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಮೊದಲ ವರ್ಷ ದಿನಕ್ಕೆ 400 ಐಯು (ವಿಟಮಿನ್ ಅಳೆಯುವ ಯೂನಿಟ್) ವಿಟಮಿನ್ ಡಿ ಡ್ರಾಪ್ಸ್ ಕೊಡಿ ಅನ್ನುವುದು ಇದಕ್ಕಾಗಿಯೇ. ಆಮೇಲೆ ದಿನಕ್ಕೆ 600 ಐಯು ಬೇಕು. ಬಿಸಿಲು ಚರ್ಮಕ್ಕೆ ಬಿದ್ದರೆ ದೇಹವೇ ವಿಟಮಿನ್ ಡಿ ಮಾಡಿಕೊಳ್ಳುತ್ತದೆ, ಆದರೆ ಬಿಸಿಲಿಗೆ ಅಂತ ಮುಚ್ಚಿದ ಕಿಟಕಿಯ ಪಕ್ಕ ಕೂರಿಸಿದರೆ ಸುಮ್ನೆ ಸೆಕೆ ಅಷ್ಟೇ. ಬೇಕಾದ ಕಿರಣವನ್ನು ಗಾಜು ತಡೆಯುತ್ತದೆ.

ಡ್ರಾಪ್ಸ್ ಬಗ್ಗೆ ಒಂದು ವಿಷಯ ಒತ್ತಿ ಹೇಳಬೇಕು. ಕೆಲವು ಬಾಟಲಿಯಲ್ಲಿ 400 ಐಯು ಅಂದರೆ ಪೂರ್ತಿ 1 ಎಂಎಲ್, ಕೆಲವದರಲ್ಲಿ ಒಂದೇ ಹನಿ. ಬ್ರ್ಯಾಂಡ್ ಬದಲಾದಾಗಲೆಲ್ಲ ಲೇಬಲ್ ಓದಿ, ಅದರ ಜೊತೆ ಬಂದ ಡ್ರಾಪರನ್ನೇ ಬಳಸಿ. ಜಾಸ್ತಿಯಾದರೆ ವಾಂತಿ, ಮಲಬದ್ಧತೆ ಶುರುವಾಗಿ ಕಿಡ್ನಿಗೂ ಪೆಟ್ಟು ಬೀಳುತ್ತದೆ.

ಈ ವಾರವೇ ಮಕ್ಕಳ ಡಾಕ್ಟರಿಗೆ ತೋರಿಸಿ. ಒಂದೇ ಕಾಲು ಬಾಗಿದ್ದರೆ, ದಿನೇ ದಿನೇ ಹೆಚ್ಚಾಗುತ್ತಿದ್ದರೆ ಅದನ್ನೂ ಹೇಳಿ. ಫಿಟ್ಸ್ ಬಂದರೆ ಮಾತ್ರ ಒಂದು ಗಳಿಗೆಯೂ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.