ವಾಪಸ್ ಬಂದವರು ಕಂಡದ್ದು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಹೃದಯ ನಿಂತು, ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ಬದುಕಿ ಬಂದ ನಮ್ಮ ದೊಡ್ಡಪ್ಪ, “ಇಬ್ಬರು ಬಂದು ಕರ್ಕೊಂಡ ಹೋದ್ರು. ಅಲ್ಲಿ ಕುಂತಾಂವ ವಹಿ ತಗದು ನೋಡಿ, ಇಂವ ಅಲ್ಲೋ, ವಾಪಸ್ ಬಿಟ್ಟು ಬರ್ರಿ ಅಂದ” ಅಂತಾರೆ. ಡಾಕ್ಟರು ಎದೆ ಒತ್ತುವುದನ್ನು ಮೇಲಿನಿಂದ ನೋಡಿದೆ ಎಂದೂ ಹೇಳುತ್ತಾರೆ. ಪರಲೋಕ ಇದೆ ಎಂಬುದಕ್ಕೆ ಇದು ಸಾಕ್ಷಿಯೇ?
— ಓದುಗರು, ಗದಗ

ಉತ್ತರ: ದೊಡ್ಡಪ್ಪನವರ ಮಾತನ್ನು ಸುಳ್ಳು ಎನ್ನಬೇಡಿ. ನೆದರ್‌ಲ್ಯಾಂಡ್ಸ್‌ನ 10 ಆಸ್ಪತ್ರೆಗಳಲ್ಲಿ ಹೀಗೆ ಬದುಕಿ ಬಂದ 344 ಮಂದಿಯನ್ನು ವೈದ್ಯ ಪಿಮ್ ವಾನ್ ಲೊಮ್ಮೆಲ್ ಅವರ ತಂಡ ವಿಚಾರಿಸಿದಾಗ 62 ಮಂದಿ ಸಾವಿನ ಸಮೀಪದ ಇಂಥ ಅನುಭವ ಹೇಳಿದ್ದರು. ಆ ವರದಿ 2001ರಲ್ಲಿ ಬಂತು. ವಹಿ ನೋಡಿ “ಇವನಲ್ಲ” ಎನ್ನುವ ಭಾಗವಂತೂ ನಮ್ಮ ದೇಶದ್ದೇ. ನಿಮ್ಹಾನ್ಸ್‌ನ ಸತ್ವಂತ್ ಪಸ್ರೀಚಾ ಮತ್ತು ಅಮೆರಿಕದ ಇಯಾನ್ ಸ್ಟೀವನ್ಸನ್ 1986ರಲ್ಲಿ ಪ್ರಕಟಿಸಿದ ಉತ್ತರ ಭಾರತದ 16 ಪ್ರಕರಣಗಳಲ್ಲಿ ದೂತರು, ಲೆಕ್ಕದ ಪುಸ್ತಕ, ಆಳು ತಪ್ಪಿದ್ದು ಮತ್ತೆ ಮತ್ತೆ ಬರುತ್ತವೆ. ಅಮೆರಿಕದವರು ಹೇಳುವುದರಲ್ಲಿ ಈ ಗುಮಾಸ್ತಿಕೆ ಕಾಣುವುದು ಅಪರೂಪ.

ಅಸಲು ತೊಡಕು ಏನು ಕಂಡರು ಎನ್ನುವುದರಲ್ಲಿಲ್ಲ, ಯಾವಾಗ ಕಂಡರು ಎನ್ನುವುದರಲ್ಲಿದೆ. ಹೃದಯ ನಿಂತ 10–20 ಸೆಕೆಂಡಿನೊಳಗೆ ಎಚ್ಚರ ತಪ್ಪುತ್ತದೆ. ನಾಡಿ ಮರಳಿದ ಮೇಲೆ ಮಿದುಳು ಚೇತರಿಸಿಕೊಳ್ಳಲು ತಾಸುಗಳು, ಕೆಲವರಿಗೆ ದಿನಗಳೇ ಬೇಕು. ನೆನಪು ಇದರಲ್ಲಿ ಯಾವ ಹೊತ್ತಿನಲ್ಲಿ ಹುಟ್ಟಿತೆಂದು ಕಂಡವರಿಗೇ ತಿಳಿಯದು. ಜೊತೆಗೆ, ಎದೆ ಒತ್ತುವಾಗ ಮಿದುಳಿಗೆ ಸ್ವಲ್ಪವಾದರೂ ರಕ್ತ ಹೋಗುತ್ತಲೇ ಇರುತ್ತದೆ. ಕಣ್ಣು ಮುಚ್ಚಿದ್ದರೂ ಕಿವಿ ತೆರೆದೇ ಇರುತ್ತದೆ. ಹಾಗಾಗಿ ಡಾಕ್ಟರ ಮಾತು ಕೇಳಿಸಿತು ಎಂಬುದಷ್ಟೇ ಸಾಲದು.

ಇದನ್ನು ಒರೆಗೆ ಹಚ್ಚಲು ವೈದ್ಯ ಸ್ಯಾಮ್ ಪಾರ್ನಿಯಾ ಅವರ ತಂಡ ಆಸ್ಪತ್ರೆಗಳ ಸೂರಿನ ಹತ್ತಿರ ಹಲಗೆ ಹೊಡೆಸಿ, ಮೇಲಿನಿಂದ ಮಾತ್ರ ಕಾಣುವಂತೆ ಚಿತ್ರ ಇಟ್ಟಿತ್ತು. 15 ಆಸ್ಪತ್ರೆ, 2060 ಹೃದಯಸ್ತಂಭನ. 2014ರ ಆ ವರದಿಯಲ್ಲಿ ಆ ಹೊತ್ತಿನದನ್ನು ನೋಡಿದೆ, ಕೇಳಿದೆ ಎಂದವರು ಇಬ್ಬರೇ. ಅವರಲ್ಲಿ ಒಬ್ಬರ ಮಾತು ಅಲ್ಲಿ ನಡೆದದ್ದಕ್ಕೆ ಹೊಂದಿತು, ಆದರೆ ಇಬ್ಬರೂ ಮಲಗಿದ್ದ ಜಾಗದಲ್ಲಿ ಹಲಗೆಯೇ ಇರಲಿಲ್ಲ. 2023ರ ಮುಂದಿನ ಅಧ್ಯಯನದಲ್ಲಿ ಬದುಕಿದ 53ರಲ್ಲಿ 28 ಮಂದಿಯನ್ನು ಮಾತಾಡಿಸಿದರು. ಚಿತ್ರ ಗುರುತಿಸಿದವರಿಲ್ಲ. ಆದರೆ ಎದೆ ಒತ್ತುತ್ತಿರುವಾಗಲೇ ಕೆಲವರ ಇಇಜಿಯಲ್ಲಿ (ಮಿದುಳಿನ ವಿದ್ಯುತ್ ಅಲೆಗಳ ದಾಖಲೆ) ಎಚ್ಚರವಿದ್ದಾಗಿನಂಥ ಅಲೆಗಳು ಕಾಣಿಸಿದವು. “ಮಿದುಳು ಪೂರ್ತಿ ನಿಂತಿದ್ದಾಗ ಕಂಡದ್ದು” ಎಂಬ ಮಾತನ್ನೇ ಇದು ಅಲುಗಿಸುತ್ತದೆ. ಪರಲೋಕವಿಲ್ಲ ಎಂದು ಇದರಿಂದ ಸಾಬೀತಾಗುವುದಿಲ್ಲ. ಇದೆ ಎನ್ನಲು ಸಾಕಾಗುವ ಸಾಕ್ಷಿ ಮಾತ್ರ ಇನ್ನೂ ಸಿಕ್ಕಿಲ್ಲ ಎಂಬುದು ನಮ್ಮ ತೀರ್ಮಾನ.

ನೀವು ಮಾಡಬಹುದಾದ ಕೆಲಸ ಒಂದಿದೆ. ದೊಡ್ಡಪ್ಪನವರ ಮಾತನ್ನು ಇವತ್ತೇ, ಅವರು ಹೇಳಿದ ಹಾಗೆಯೇ, ತಾರೀಖು ಹಾಕಿ ಬರೆದಿಡಿ. ಕೇಳಬೇಕಾದ್ದು ಮೂರೇ: ಎಚ್ಚರ ತಪ್ಪುವ ಮುಂಚಿನ ಕಡೆಯ ನೆನಪು ಏನು, ಎಚ್ಚರಾದ ಮೇಲಿನ ಮೊದಲ ನೆನಪು ಏನು, ನಡುವೆ ಏನಾದರೂ ಇತ್ತೇ? ಆಮೇಲೆ ಸುಮ್ಮನಿರಿ. “ಬೆಳಕು ಕಂಡಿತಾ?” ಎಂದು ಕೇಳಿದರೆ ಬೆಳಕು ನೆನಪಿನೊಳಗೆ ಸೇರಿಬಿಡುತ್ತದೆ. ನೋಡಲು ಬಂದವರು ಮಂಚದ ಪಕ್ಕ ಕುಳಿತು “ಡಾಕ್ಟರ್ ಹಿಂಗ್ ಒತ್ತಿದ್ರು ನೋಡ್ರಿ” ಎಂದು ಕೈ ಮಾಡಿ ತೋರಿಸುತ್ತಾರಲ್ಲ, ಮೂರು ದಿನ ಕಳೆದರೆ ಅದೂ ಸ್ವಂತ ನೆನಪಾಗುತ್ತದೆ. ಹಾಗಾಗಿ ಬರೆಯುವ ಮೊದಲು ಯಾರು ಏನು ಹೇಳಿದ್ದರು ಎಂಬುದನ್ನೂ ಗುರುತು ಹಾಕಿ. ಎದೆ ಒತ್ತಲು ಶುರು ಮಾಡಿದ್ದು, ನಾಡಿ ಮರಳಿದ್ದು ಎಷ್ಟು ಹೊತ್ತಿಗೆ ಎಂದು ಆಸ್ಪತ್ರೆಯಿಂದ ತಿಳಿದುಕೊಳ್ಳಿ. “ಎದೆ ಒತ್ತಿದರು” ಎನ್ನುವುದು ಟಿವಿ ನೋಡಿದವರಿಗೆಲ್ಲ ಗೊತ್ತು. ಟ್ರೇ ಕೆಳಗೆ ಬಿತ್ತು, ಯಾರು ಎಡಕ್ಕೆ ನಿಂತಿದ್ದರು ಎನ್ನುವಂಥ ವಿವರಕ್ಕೇ ಬೆಲೆ. ತಾಳೆಯಾಗದ ವಿವರವನ್ನು ಹೊಡೆದು ಹಾಕಬೇಡಿ.

ಪ್ರಶ್ನೆ: ಸುರಂಗ, ಅದರ ತುದಿಗೆ ಬೆಳಕು. ಎಲ್ಲರೂ ಇದನ್ನೇ ಹೇಳುವುದೇಕೆ?
— ಓದುಗರು, ಧಾರವಾಡ

ಉತ್ತರ: ಎಲ್ಲರೂ ಹೇಳುವುದಿಲ್ಲ, ಭಾರತದ ಆ 16 ಪ್ರಕರಣಗಳ ಮುಖ್ಯ ಕಥೆ ಸುರಂಗವಲ್ಲ. ತಲೆಗೆ ರಕ್ತ ಕಡಿಮೆಯಾದರೆ ನೋಟ ಅಂಚಿನಿಂದ ಕಪ್ಪಾಗುತ್ತ ನಡುವಿಗೆ ಕಿರಿದಾಗುತ್ತದೆ. ರಭಸದಿಂದ ತಿರುಗುವ ಯಂತ್ರದಲ್ಲಿ ಕುಳಿತ ಯುದ್ಧವಿಮಾನದ ಪೈಲಟ್‌ಗಳಿಗೂ ಹೀಗಾಗುತ್ತದೆ. ಇದರಿಂದ ಸುರಂಗವನ್ನು ಒಂದಿಷ್ಟು ವಿವರಿಸಬಹುದು. ತೀರಿಕೊಂಡ ತಾಯಿಯನ್ನು ಕಂಡೆ ಎನ್ನುವುದನ್ನು ಇದರಿಂದ ವಿವರಿಸಲಾಗದು.

ಪ್ರಶ್ನೆ: ಐಸಿಯುದಲ್ಲಿರುವ ನಮ್ಮ ಅವ್ವ ಗೋಡೆ ತುಂಬ ಇರುವೆ ಹರಿದಾಡ್ತಾವ, ನರ್ಸ್ ವಿಷ ಹಾಕ್ತಾರ ಅಂತಾಳೆ. ಇದೂ ಅಂಥದ್ದೇ ಅನುಭವವೇ?
— ಓದುಗರು, ರಾಣೇಬೆನ್ನೂರು

ಉತ್ತರ: ಅಲ್ಲ, ಇದು ಸನ್ನಿಯ ಲಕ್ಷಣ. ಸನ್ನಿಯಲ್ಲಿ ಮಾತು ಹರಿದು ಹರಿದು ಬರುತ್ತದೆ, ಹೊತ್ತಿಗೊಂದು ರೀತಿ ಇರುತ್ತದೆ, ರಾತ್ರಿ ಜೋರಾಗುತ್ತದೆ. ಸಾವಿನ ಸಮೀಪದ ಅನುಭವ ಹೇಳುವವರ ಮಾತು ಸಾಮಾನ್ಯವಾಗಿ ಒಂದೇ ಎಳೆಯಲ್ಲಿ ಸಾಗುತ್ತದೆ. ಡ್ಯೂಟಿ ಡಾಕ್ಟರಿಗೆ ಇವತ್ತೇ ಹೇಳಿ. ಸೋಂಕು, ಸೋಡಿಯಂ ಇಳಿದದ್ದು, ಯಾವುದೋ ಔಷಧಿ, ಇವೆಲ್ಲ ಇದಕ್ಕೆ ಕಾರಣವಾಗಬಹುದು, ಚಿಕಿತ್ಸೆಯೂ ಇದೆ. ಅವ್ವನೊಡನೆ ವಾದಕ್ಕಿಳಿಯಬೇಡಿ, ಬೈಯಲೂಬೇಡಿ. ಚಾಳೀಸು, ಶ್ರವಣಯಂತ್ರ ಇದ್ದರೆ ಹಾಕಿಸಿ, ಗಡಿಯಾರ ಕಣ್ಣಿಗೆ ಬೀಳುವಂತಿಡಿ. ಒಳಗೆ ಬಿಟ್ಟಾಗ ಹೋಗಿ ಕೈ ಹಿಡಿದು, ಇದು ಯಾವ ಊರು, ಇವತ್ತು ಯಾವ ವಾರ ಎಂದು ಮೆಲ್ಲಗೆ ಹೇಳುತ್ತಿರಿ.